ಕೋಳಿ ಮಲಗಿದ ಮೇಲೆ ಯಾರ ಊಟ?

ಕೋಳಿ ಕತ್ತಲಲ್ಲಿ ತಿನ್ನುವುದಿಲ್ಲ. ಹೊತ್ತು ಮುಳುಗುತ್ತಿದ್ದಂತೆ ಗೂಡಿನ ಅಡ್ಡಗೋಲು ಹತ್ತಿ ಕೂತರೆ, ಬೆಳಗಾಗುವ ತನಕ ಕೆಳಗಿಳಿಯುವುದಿಲ್ಲ. ಕತ್ತಲಲ್ಲಿ ಅದಕ್ಕೆ ಕಣ್ಣು ಕಾಣುವುದೇ ಕಷ್ಟ. ಇಲಿಯ ದಿನಚರಿ ಇದಕ್ಕೆ ತದ್ವಿರುದ್ಧ. ಬೀದಿಯ ಸದ್ದು ಅಡಗಿ ಮನೆಯ ದೀಪ ಆರಿದ ಮೇಲೆ ಸಾಮಾನ್ಯವಾಗಿ ಅದು ಬಿಲದಿಂದ ಹೊರಡುವುದು. ಹಿತ್ತಲಲ್ಲಿ ನಾಲ್ಕು ಕೋಳಿ ಸಾಕಿ, ಇಲಿ ಮುಟ್ಟದ ಫೀಡರ್ ಯಾವುದೆಂದು ಹುಡುಕುವವರು ಮೊದಲು ಈ ಒಂದು ಸಂಗತಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು: ರಾತ್ರಿ ತೆರೆದಿಟ್ಟ ಕಾಳು ಕೋಳಿಯದಲ್ಲ, ಇಲಿಯದು.

ನಾನು ದೂರವಾಣಿನಗರದ ಐಟಿಐ ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. 1948ರಲ್ಲಿ ಶುರುವಾದ ಆ ಕಾರ್ಖಾನೆ ಕೃಷ್ಣರಾಜಪುರದ ಸುತ್ತಲಿನ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟಿದೆ, ಕೈಗೆ ಕೆಲಸ ಕಲಿಸಿದೆ. ತಗಡು, ಸ್ಪ್ರಿಂಗು, ಕೀಲು, ಸನ್ನೆಗೋಲು ಇವುಗಳ ನಡುವೆಯೇ ನನ್ನ ಆಯಸ್ಸು ಕಳೆಯಿತು. ಈಗ ಕೆ.ಆರ್. ಪುರದ ಮನೆಯ ಹಿತ್ತಲಲ್ಲಿ ನಾಟಿ ಹೇಂಟೆಗಳಿವೆ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ತಳಿಯವೂ ಒಂದೆರಡಿವೆ. ಹಲಸೂರು, ಇಂದಿರಾನಗರ, ಫ್ರೇಜರ್ ಟೌನ್ ಕಡೆಯ ನೆಂಟರು, ಸ್ನೇಹಿತರು ಕೋಳಿ ಸಾಕಲು ಹೊರಟಾಗ ಫೀಡರಿನ ವಿಚಾರಕ್ಕೆ ನನ್ನನ್ನು ಕರೆಯುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಇಲಿ ತಿನ್ನುವುದೆಷ್ಟು, ಕೆಡಿಸುವುದೆಷ್ಟು

ಮೊಟ್ಟೆ ಇಡುವ ಒಂದು ಹೇಂಟೆ ದಿನಕ್ಕೆ ಸುಮಾರು 100ರಿಂದ 120 ಗ್ರಾಂ ಫೀಡ್ ತಿನ್ನುತ್ತದೆ. ಆರು ಕೋಳಿಗೆ ತಿಂಗಳಿಗೆ 20 ಕಿಲೋ ಅನ್ನಿ. ಇಲಿ ದಿನಕ್ಕೆ ತನ್ನ ತೂಕದ ಹತ್ತರಲ್ಲೊಂದು ಭಾಗದಷ್ಟು ತಿನ್ನುತ್ತದೆ. ಸಾಮಾನ್ಯ ಮನೆಯಿಲಿಗೆ 15 ಗ್ರಾಂ ಎಂದು ಲೆಕ್ಕ ಹಾಕೋಣ. ಹತ್ತು ಇಲಿ ಬಂದು ಹೋಗುವ ಹಿತ್ತಲಲ್ಲಿ ತಿಂಗಳಿಗೆ ನಾಲ್ಕೂವರೆ ಕಿಲೋ ಹೋಯಿತು. ಆರು ಕೋಳಿ ಸಾಕಿ ಏಳೆಂಟು ಕೋಳಿಯ ಖರ್ಚು ಹೊತ್ತಂತಾಯಿತು.

ತಿಂದದ್ದಕ್ಕಿಂತ ಕೆಡಿಸುವುದೇ ದೊಡ್ಡ ನಷ್ಟ. ಇಲಿ ತಿನ್ನುತ್ತಲೇ ಹಿಕ್ಕೆ ಹಾಕುತ್ತದೆ, ಉಚ್ಚೆ ಬಿಡುತ್ತದೆ. ಹಿಕ್ಕೆಯಿಂದ ಸಾಲ್ಮೊನೆಲ್ಲಾ ರೋಗಾಣು ಕೋಳಿಗೆ, ಮೊಟ್ಟೆಗೆ ದಾಟಬಹುದು. ಉಚ್ಚೆಯಿಂದ ಬರುವುದು ನಾವು ಇಲಿ ಜ್ವರ ಎನ್ನುವ ಲೆಪ್ಟೊಸ್ಪೈರೋಸಿಸ್. ಮಳೆಗಾಲದಲ್ಲಿ ಒದ್ದೆ ಹಿತ್ತಲಲ್ಲಿ ಬರಿಗಾಲಿನಲ್ಲಿ ಓಡಾಡುವಾಗ ಕಾಲಿನ ಸಣ್ಣ ಗಾಯವೇ ಅದಕ್ಕೆ ದಾರಿ. ಇಷ್ಟರ ಮೇಲೆ, ಇಲಿ ಮೊಟ್ಟೆ ಒಯ್ಯುತ್ತದೆ, ಮರಿ ಹಿಡಿಯುತ್ತದೆ. ಕೆರೆ, ಬಯಲು ಹತ್ತಿರವಿರುವ ನಮ್ಮ ಕೆ.ಆರ್. ಪುರದ ಕಡೆ ಇಲಿಯ ಹಿಂದೆಯೇ ಕೇರೆ ಹಾವು, ಒಮ್ಮೊಮ್ಮೆ ನಾಗರ ಹಾವೂ ಬರುತ್ತವೆ.

ಬೆಂಗಳೂರಿನ ಪೂರ್ವ ಭಾಗದಲ್ಲಿ ಇಲಿಗಳದ್ದು ಒಂದೇ ಜಾತಿಯಲ್ಲ. ಮಾಡು, ಅಟ್ಟ, ಕೇಬಲ್ ತಂತಿ ಹಿಡಿದು ಓಡಾಡುವ ಮನೆಯಿಲಿ 100ರಿಂದ 200 ಗ್ರಾಂ ತೂಗುತ್ತದೆ, ಹತ್ತುವುದರಲ್ಲಿ ಬಲು ಚುರುಕು. ನೆಲ ಕೊರೆಯುವ ಸಣ್ಣ ಹೆಗ್ಗಣ ಕಾಲು ಕಿಲೋ, ಅದಕ್ಕೂ ಸ್ವಲ್ಪ ಹೆಚ್ಚು. ರಾಜಕಾಲುವೆಯ ಅಂಚಿನಲ್ಲಿ, ಹಳೆಯ ಕಾಂಪೌಂಡಿನ ಬುಡದಲ್ಲಿ ಮಣ್ಣು ಗುಡ್ಡೆ ಹಾಕುವ ದೊಡ್ಡ ಹೆಗ್ಗಣ ಒಂದು ಕಿಲೋ ದಾಟಿ ಬೆಳೆಯಬಲ್ಲದು. ಈ ತೂಕಗಳನ್ನು ನೆನಪಿನಲ್ಲಿಡಿ. ಫೀಡರ್ ಆರಿಸುವಾಗ ಇವೇ ಮುಖ್ಯವಾಗುತ್ತವೆ.

ದಂಡು ಪ್ರದೇಶ ಕಲಿತ ಪಾಠ

ಇಲಿಗೆ ಎಡೆ ಕೊಡದಂತೆ ಕಟ್ಟುವ ವಿದ್ಯೆ ನಮ್ಮ ಈ ಭಾಗಕ್ಕೆ ಹೊಸದಲ್ಲ. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯಲ್ಲೂ ಕಂಟೋನ್ಮೆಂಟ್ ಎನ್ನುವ ದಂಡು ಪ್ರದೇಶದಲ್ಲೂ ಜನ ಸತ್ತರು, ಉಳಿದವರು ಮನೆ ಬಿಟ್ಟು ಬಯಲಿನ ಗುಡಿಸಲಿಗೆ ಹೋದರು. ಪ್ಲೇಗ್ ಮಾರಮ್ಮನ ಗುಡಿಗಳು ಇವತ್ತಿಗೂ ಆ ದಿನಗಳ ಸಾಕ್ಷಿಯಾಗಿ ನಿಂತಿವೆ. ಅದೇ 1898ರಲ್ಲಿ ಪಾಲ್ ಲೂಯಿ ಸಿಮೋನ್ ಎಂಬ ಫ್ರೆಂಚ್ ವೈದ್ಯ, ಇಲಿಯ ಮೈಮೇಲಿನ ಚಿಗಟವೇ ಪ್ಲೇಗನ್ನು ಹರಡುತ್ತದೆ ಎಂದು ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ. ಮುಂದಿನ ವರ್ಷಗಳಲ್ಲಿ ಮುಂಬಯಿಯ ಸಂಶೋಧನೆಗಳು ಅದನ್ನು ಖಚಿತಪಡಿಸಿದವು.

ದಂಡು ಪ್ರದೇಶದ ಇಕ್ಕಟ್ಟಾದ ಕೇರಿಗಳ ಜನರಿಗಾಗಿ ಹೊಸ ಬಡಾವಣೆ ಕಟ್ಟಿದ್ದು ಈ ತಿಳಿವಳಿಕೆಯ ಮೇಲೆ. ಮೈಸೂರಿನ ರೆಸಿಡೆಂಟ್ ಆಗಿದ್ದ ಸ್ಟುವರ್ಟ್ ಫ್ರೇಜರ್ ಹೆಸರಿನಲ್ಲಿ 1910ರ ಹೊತ್ತಿಗೆ ಎದ್ದ ಫ್ರೇಜರ್ ಟೌನ್, ಅಂದರೆ ಇಂದಿನ ಪುಲಕೇಶಿನಗರ, ಅದು. ಅದರ ಯೋಜನೆಯಲ್ಲಿ ಮುಖ್ಯ ಪಾತ್ರ ವಹಿಸಿದ ಜೆ. ಎಚ್. ಸ್ಟೀಫನ್ಸ್, ಇಲಿ ನುಸುಳಲಾಗದ ಮನೆಗಳ ಬಗ್ಗೆ ತಲೆ ಕೆಡಿಸಿಕೊಂಡವರು. ಬೆಂಗಳೂರಿನಲ್ಲಿ ಪ್ಲೇಗ್ ತಡೆಯುವ ಊರು ಕಟ್ಟುವುದು ಹೇಗೆ ಎಂಬ ಬಗ್ಗೆ ಅವರ ಇಂಗ್ಲಿಷ್ ಪುಸ್ತಕ 1914ರಲ್ಲಿ ಮದ್ರಾಸಿನಿಂದ ಪ್ರಕಟವಾಯಿತು. ಆ ಕೆಲಸದ ಹಿಂದಿನ ತಿರುಳು ನನಗೆ ತುಂಬ ಹಿಡಿಸಿದೆ: ಇಲಿಯ ಬೆನ್ನು ಹತ್ತಿ ಕೊಲ್ಲುತ್ತ ಕೂರುವ ಬದಲು, ಅದಕ್ಕೆ ಜಾಗವೂ ಊಟವೂ ಸಿಗದಂತೆ ಮೊದಲೇ ಕಟ್ಟಿಬಿಡುವುದು.

ಈ ಎಚ್ಚರ ಇವತ್ತಿಗೂ ಮುಗಿದಿಲ್ಲ. ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರದ ಬೆಂಗಳೂರು ಶಾಖೆ ಕರ್ನಾಟಕ, ಆಂಧ್ರ, ತಮಿಳುನಾಡು ಕೂಡುವ ಗಡಿಭಾಗದಲ್ಲಿ ಪ್ಲೇಗಿನ ಸುಳಿವಿಗಾಗಿ ಇಲಿಗಳ ಮೇಲೆ ಕಣ್ಣಿಟ್ಟೇ ಇದೆ. ಇಂಥ ಊರಿನಲ್ಲಿ ಕೋಳಿ ಸಾಕುವವನು ಇಲಿಗೆ ಛತ್ರ ನಡೆಸಬಾರದು. ಫೀಡರ್ ಆರಿಸುವುದು ಆ ಹೊಣೆಯ ಭಾಗ ಎಂದೇ ನಾನು ನಂಬಿದ್ದೇನೆ.

ಫೀಡರಿನಲ್ಲಿ ನಾಲ್ಕು ಬಗೆ

ಮೊದಲನೆಯದು ತೆರೆದ ತಟ್ಟೆ ಅಥವಾ ಬಾಂಡ್ಲಿ. ಇದಕ್ಕೆ ರಕ್ಷಣೆ ಏನೂ ಇಲ್ಲ. ಆದರೆ ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಕೋಳಿ ತಿನ್ನುವಷ್ಟೇ ಹಾಕಿ, ಸಂಜೆ ತೊಳೆದು ಒಳಗಿಡುವ ಶಿಸ್ತು ಇರುವ ಮನೆಯಲ್ಲಿ ಇದಕ್ಕಿಂತ ಅಗ್ಗದ, ಇದಕ್ಕಿಂತ ಭದ್ರವಾದ ಉಪಾಯ ಇನ್ನೊಂದಿಲ್ಲ. ಹಲಸೂರಿನ ನಮ್ಮ ಅತ್ತಿಗೆ ಮಾಡುವುದು ಹೀಗೆಯೇ. ಸಂಜೆ ದೇವರ ಮುಂದೆ ದೀಪ ಹಚ್ಚುವ ಮೊದಲು ಕೋಳಿ ತಟ್ಟೆ ಒಳಗೆ ಬಂದಿರುತ್ತದೆ.

ಎರಡನೆಯದು ಕೋಳಿ ಸಾಮಾನಿನ ಅಂಗಡಿಗಳಲ್ಲಿ ಎಲ್ಲೆಡೆ ಸಿಗುವ, ತೂಗುಹಾಕುವ ಪ್ಲಾಸ್ಟಿಕ್ ಫೀಡರ್. ಮೇಲಿನ ಡಬ್ಬದಿಂದ ಕಾಳು ತಾನಾಗಿ ತಟ್ಟೆಗೆ ಇಳಿಯುತ್ತದೆ. ಕೋಳಿಯ ಬೆನ್ನಿನ ಎತ್ತರಕ್ಕೆ ತೂಗುಹಾಕಿದರೆ ಚೆಲ್ಲಾಟ ಕಡಿಮೆ. ತೂಗುಹಾಕಿದ್ದಕ್ಕೆ ಇಲಿ ಬರುವುದಿಲ್ಲ ಎಂದುಕೊಳ್ಳುವವರಿದ್ದಾರೆ. ಮನೆಯಿಲಿ ಹಗ್ಗ ಹಿಡಿದು ಇಳಿಯುತ್ತದೆ, ಎರಡು ಮೂರು ಅಡಿ ಎತ್ತರ ನೆಗೆಯುತ್ತದೆ. ಕೋಳಿಗೆ ಎಟುಕುವ ಎತ್ತರ ಇಲಿಗೆ ಎಟುಕದೆ ಇರುವುದಿಲ್ಲ. ಇದನ್ನೂ ರಾತ್ರಿ ಕೊಕ್ಕೆಯಿಂದ ತೆಗೆದು ಒಳಗಿಡಲೇಬೇಕು.

ಮೂರನೆಯದು ನಾಲ್ಕಿಂಚಿನ ಪಿವಿಸಿ ಪೈಪಿಗೆ ಕೆಳಗೆ ಎಲ್ಬೋ ಸೇರಿಸಿ ಮನೆಯಲ್ಲೇ ಮಾಡಿಕೊಳ್ಳುವ ಫೀಡರ್. ಖರ್ಚು ಕಡಿಮೆ, ಮಳೆ ನೀರು ಬೀಳುವುದಿಲ್ಲ, ಕೋಳಿ ಕೆದಕಿ ಚೆಲ್ಲುವುದೂ ಕಡಿಮೆ. ಆದರೆ ಇಲಿಗೆ ಆ ಎಲ್ಬೋ ತೆರೆದ ಬಾಗಿಲೇ. ರಾತ್ರಿ ಬಿಗಿಯಾದ ಮುಚ್ಚಳ ಹಾಕಬೇಕು. ಆ ಮುಚ್ಚಳವೂ ಪ್ಲಾಸ್ಟಿಕ್ಕಿನದೇ. ಇಲಿಯ ಮುಂದಿನ ಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ, ಕಚ್ಚಿ ಕಚ್ಚಿ ಸವೆಸಿಕೊಳ್ಳುವುದು ಅದಕ್ಕೆ ಅನಿವಾರ್ಯ. ಅಂಚು ಸಿಕ್ಕರೆ ಪಿವಿಸಿಯನ್ನೂ ಕೊರೆಯುತ್ತದೆ. ಕಚ್ಚಿದ ಗುರುತು ಕಂಡ ದಿನವೇ ಮುಚ್ಚಳ ಬದಲಿಸಿ.

ನಾಲ್ಕನೆಯದು ಪೆಡಲ್ ಇರುವ ತಗಡಿನ ಡಬ್ಬ. ಕೋಳಿ ಮುಂದಿನ ಹಲಗೆಯ ಮೇಲೆ ನಿಂತರೆ ಬಾಗಿಲು ತೆರೆಯುತ್ತದೆ, ಇಳಿದರೆ ಮುಚ್ಚುತ್ತದೆ. ಇದು ಬೆಲೆಯಲ್ಲಿ ಹೆಚ್ಚು. ಹಣ ಕೊಡುವ ಮೊದಲು ಪರೀಕ್ಷೆ ಮಾಡಬೇಕಾದ್ದೂ ಇದನ್ನೇ.

ಪೆಡಲ್ ಡಬ್ಬದ ಪರೀಕ್ಷೆ

ಹೊರದೇಶದ ಪೆಡಲ್ ಫೀಡರುಗಳನ್ನು ಅಲ್ಲಿನ ಚರಂಡಿ ಇಲಿಯನ್ನು ಮನಸ್ಸಿನಲ್ಲಿಟ್ಟು ಮಾಡುತ್ತಾರೆ. ಅದು ಅರ್ಧ ಕಿಲೋ ಮುಟ್ಟಿದರೆ ಬಹಳ ದೊಡ್ಡದು. ಅಲ್ಲಿನ ಕೋಳಿಯೂ ಭಾರಿ. ಆದ್ದರಿಂದ ತೂಕದ ವ್ಯತ್ಯಾಸವೊಂದೇ ಅಲ್ಲಿ ಕಾವಲಾಗಬಹುದು. ನಮ್ಮಲ್ಲಿ ಲೆಕ್ಕ ಬೇರೆ. ನಾಟಿ ಹೇಂಟೆ 1.2ರಿಂದ 1.5 ಕಿಲೋ, ದೊಡ್ಡ ಹೆಗ್ಗಣ ಒಂದು ಕಿಲೋ. ಇವೆರಡರ ನಡುವಿನ ಅಂತರ ತೀರ ಸಣ್ಣದು. ಆದ್ದರಿಂದ ನಮ್ಮ ಹಿತ್ತಲಿನ ಡಬ್ಬಕ್ಕೆ ಮೂರು ಕಾವಲು ಬೇಕು: ತೂಕ, ದೂರ, ಚಿಲಕ.

ತೂಕದ ಪರೀಕ್ಷೆ ಹೀಗೆ. ನಿಮ್ಮ ಅತಿ ಹಗುರ ಹೇಂಟೆಯನ್ನು ಚೀಲದಲ್ಲಿ ಕೂರಿಸಿ ಕೊಕ್ಕೆ ತಕ್ಕಡಿಯಲ್ಲಿ ತೂಗಿ. ಅದು ಪೆಡಲಿನ ಮೇಲೆ ನಿಂತಾಗ ಬಾಗಿಲು ಪೂರ್ತಿ ತೆರೆಯಬೇಕು. ಒಂದು ಕಿಲೋ ಉಪ್ಪಿನ ಪ್ಯಾಕೆಟ್ಟನ್ನು ಅದೇ ಪೆಡಲಿನ ತುದಿಯಲ್ಲಿಟ್ಟರೆ ಬಾಗಿಲು ಅಲುಗಬಾರದು. ಹೇಂಟೆ 1.2 ಕಿಲೋಗಿಂತ ಕಡಿಮೆ ತೂಗಿದರೆ ಮುಕ್ಕಾಲು ಕಿಲೋಗೆ ಹೊಂದಿಸಿ, ಉಳಿದ ಕಾವಲನ್ನು ದೂರಕ್ಕೂ ಚಿಲಕಕ್ಕೂ ಬಿಡಿ. ಸ್ಪ್ರಿಂಗನ್ನೋ ಹಿಂಬದಿಯ ಭಾರವನ್ನೋ ಹೆಚ್ಚು ಕಡಿಮೆ ಮಾಡಲು ಬರದ ಡಬ್ಬವನ್ನು ಕೊಳ್ಳಲೇಬೇಡಿ. ಬಾಗಿಲನ್ನು ಬೆರಳಿನಿಂದ ನೇರವಾಗಿ ಎತ್ತಿಯೂ ನೋಡಿ. ಸುಲಭವಾಗಿ ಎದ್ದರೆ ಇಲಿ ಪೆಡಲಿನ ಗೊಡವೆಗೇ ಹೋಗದೆ ಮೂತಿಯಿಂದ ಅದನ್ನು ಎತ್ತುತ್ತದೆ.

ದೂರದ ಕಾವಲು ಕೋಳಿಯ ಕತ್ತನ್ನು ನಂಬಿದ್ದು. ಪೆಡಲಿನ ಮೇಲೆ ನಿಂತ ಹೇಂಟೆ ಕತ್ತು ಚಾಚಿದರೆ ಒಂದಡಿ ಹತ್ತಿರದ ದೂರ ಎಟುಕುತ್ತದೆ. ಹೆಗ್ಗಣದ ಕಾಲು ಗಿಡ್ಡ. ಅದು ಕಾಳಿನ ಕಡೆ ಮೈ ಚಾಚಿದರೆ ಅದರ ಭಾರ ಪೆಡಲಿನಿಂದ ಡಬ್ಬದ ಅಂಚಿಗೆ ಸರಿಯುತ್ತದೆ, ಬಾಗಿಲು ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಪೆಡಲ್ ಕಿರಿದಾಗಿರಬೇಕು, ಕಾಳಿನ ಬಾಯಿಯಿಂದ ದೂರ ಇರಬೇಕು, ಬಾಯಿ ನೆಲದಿಂದ ಕೋಳಿಯ ಬೆನ್ನಿನ ಎತ್ತರಕ್ಕೆ ಇರಬೇಕು. ಅಗಲವಾದ ಪೆಡಲ್ ಡಬ್ಬಕ್ಕೆ ಅಂಟಿಕೊಂಡೇ ಇದ್ದರೆ, ಎರಡು ಮೂರು ಇಲಿ ಒಟ್ಟಿಗೆ ಹತ್ತಿ ಬಾಗಿಲು ತೆರೆದುಬಿಡುತ್ತವೆ. ಬಾಗಿಲಿನ ಎರಡೂ ಪಕ್ಕ ತಗಡಿನ ಕಿವಿ ಇರಲಿ. ಪಕ್ಕದಿಂದ ನುಸುಳುವ ದಾರಿ ಅದರಿಂದ ಮುಚ್ಚುತ್ತದೆ.

ಮೂರನೆಯದು ಚಿಲಕ. ಬೆಲೆ ಎಷ್ಟೇ ಇರಲಿ, ಯಂತ್ರ ಎಷ್ಟೇ ನಾಜೂಕಾಗಿರಲಿ, ಹೊರಗಿನಿಂದ ಹಾಕುವ ಒಂದು ಸಾದಾ ಚಿಲಕ ಇರಲಿ. ಕೋಳಿ ಅಡ್ಡಗೋಲು ಹತ್ತಿದ ಮೇಲೆ ಅದನ್ನು ಸರಿಸಿಬಿಡಿ. ಬೆಂಗಳೂರಿನಲ್ಲಿ ನವೆಂಬರಿನ ಸೂರ್ಯ ಆರಕ್ಕೆ ಮೊದಲೇ ಮುಳುಗುತ್ತಾನೆ, ಜುಲೈಯಲ್ಲಿ ಆರೂಮುಕ್ಕಾಲು ದಾಟುತ್ತದೆ. ಗಡಿಯಾರ ಬಿಟ್ಟು ಕೋಳಿಯನ್ನೇ ನೋಡಿ ಚಿಲಕ ಹಾಕಿ. ಹಾಗಾದರೆ ಪೆಡಲ್ ಯಾಕೆ ಬೇಕು ಎಂದು ಕೇಳಬಹುದು. ಹಗಲಲ್ಲಿ ಅಳಿಲು, ಪಾರಿವಾಳ, ಕಾಗೆ ಬರುತ್ತವೆ. ಹಸಿದ ಇಲಿ ಮಟಮಟ ಮಧ್ಯಾಹ್ನವೂ ಹೊರಡುತ್ತದೆ. ಹಗಲಿನ ಕಾವಲು ಪೆಡಲಿನದು, ರಾತ್ರಿಯದು ಚಿಲಕದ್ದು.

ತಗಡು 24 ಅಥವಾ 26 ಗೇಜಿನ ಜಿ.ಐ. ಶೀಟ್ ಆಗಿರಲಿ. ಯಾವ ಸಂದಿಯೂ ಕಾಲಿಂಚು ಮುಟ್ಟಬಾರದು. ಮರಿ ಇಲಿಗೆ ಅರ್ಧ ಇಂಚು ಸಾಕು. ಚಿಟ್ಟಿಲಿಗೆ ಕಾಲಿಂಚೇ ಸಾಕು. ಮಾಡಿಟ್ಟದ್ದು ಸಿಗದಿದ್ದರೆ ಮಾಡಿಸಿಕೊಳ್ಳಬಹುದು. ಶಿವಾಜಿನಗರದ ಕಡೆ ತಗಡಿನ ಕೆಲಸ ಬಲ್ಲ ಹಳೆಯ ಕೈಗಳಿವೆ. ನಾನು ನಕ್ಷೆ ತೋರಿಸಿದಾಗ ಅಲ್ಲಿನ ಒಬ್ಬ ಚಾಚಾ ಮೊದಲು ಹಿಡಿದದ್ದು ಬಾಗಿಲಿನ ಅಂಚನ್ನು.

"ಈ ಅಂಚು ಹಿಂಗೇ ಬಿಟ್ರೆ ಕೋಳಿ ಕತ್ತು ಕುಯ್ಯುತ್ತೆ ಸಾರ್. ಡಬಲ್ ಮಡಚಿ ಕೊಡ್ತೀನಿ."

"ಮುಚ್ಚೋವಾಗ ಜೋರಾಗಿ ಬಡೀಬಾರದು ಚಾಚಾ."

"ಬಡಿಯಲ್ಲ. ಕೆಳಗೆ ರಬ್ಬರ್ ಪಟ್ಟಿ ಕೂರಿಸ್ತೀನಿ. ನಿಮ್ಮ ಬೆರಳೇ ಇಟ್ಟು ನೋಡಿ, ಆಮೇಲೆ ದುಡ್ಡು ಕೊಡಿ."

ಆ ಮಾತೇ ಎಲ್ಲರಿಗೂ ಪರೀಕ್ಷೆಯಾಗಲಿ. ನಿಮ್ಮ ಬೆರಳಿಗೆ ನೋವಾಗುವ ಬಾಗಿಲು ಕೋಳಿಯ ಕತ್ತಿಗೂ ಆಗದು.

ಕೋಳಿಗೆ ಕಲಿಸುವುದು

ಹೊಸ ಡಬ್ಬ ಇಟ್ಟ ಮೊದಲ ಕೆಲವು ದಿನ ಪೆಡಲನ್ನು ಕಲ್ಲು ಹೇರಿ ಕೆಳಗೇ ಇರಿಸಿ, ಬಾಗಿಲು ತೆರೆದೇ ಇರಲಿ. ಕೋಳಿ ಅಲ್ಲೇ ತಿನ್ನುವ ರೂಢಿ ಆದ ಮೇಲೆ ಬಾಗಿಲು ಅರ್ಧ ಮುಚ್ಚುವ ಹಾಗೆ ಮಾಡಿ. ಹಲಗೆ ಅಲುಗಿದರೂ ಅವು ಬೆದರದ ಹಾಗಾಗಬೇಕು. ಆಮೇಲೆ ಕಲ್ಲು ತೆಗೆಯಿರಿ. ಒಂದು ಹೇಂಟೆ ಕಲಿತರೆ ಉಳಿದವು ಅದನ್ನು ನೋಡಿ ಹತ್ತುತ್ತವೆ. ಸಾಮಾನ್ಯವಾಗಿ ಒಂದೆರಡು ವಾರದ ಕೆಲಸ. ಈ ದಿನಗಳಲ್ಲಿ ಬೇರೆಲ್ಲೂ ಧಾರಾಳವಾಗಿ ಕಾಳು ಹಾಕಬೇಡಿ, ಆದರೆ ಯಾವ ಕೋಳಿಯೂ ಹಸಿದು ಸೊರಗದಂತೆ ಸಂಜೆ ಅದರ ಗಂಟಲ ಚೀಲ ಮುಟ್ಟಿ ನೋಡಿ. ಮರಿಗಳಿಗೆ, ಬೆಳೆಯುವ ಎಳೆ ಕೋಳಿಗಳಿಗೆ ಈ ಡಬ್ಬ ಹೊಂದುವುದಿಲ್ಲ. ಅವಕ್ಕೆ ಬೇರೆ ತಟ್ಟೆ, ಅದೂ ಸಂಜೆ ಒಳಗೆ.

ಡಬ್ಬದ ಸುತ್ತಲಿನ ಕೆಲಸ

ಒಳ್ಳೆಯ ಫೀಡರ್ ಇಟ್ಟೂ ಇಲಿ ಕಡಿಮೆಯಾಗಲಿಲ್ಲ ಎಂದರೆ ಕಾಳು ಇನ್ನೆಲ್ಲೋ ಸಿಗುತ್ತಿದೆ ಎಂದೇ ಅರ್ಥ. ಕೋಳಿ ಕೊಕ್ಕಿನಿಂದ ಕೆದಕಿ ಬೇಕಾದ ಕಾಳು ಆರಿಸುತ್ತದೆ, ಬೇಡದ್ದನ್ನು ಚೆಲ್ಲುತ್ತದೆ. ಪುಡಿಯಾದ ಮ್ಯಾಶ್‌ಗಿಂತ ಪೆಲೆಟ್ ಚೆಲ್ಲುವುದು ಕಡಿಮೆ. ತಟ್ಟೆಯ ಅಂಚು ಒಳಮುಖವಾಗಿ ಮಡಚಿರಲಿ, ತೆರೆದ ತಟ್ಟೆಯಾದರೆ ಮೂರರಲ್ಲೊಂದು ಭಾಗ ಮಾತ್ರ ತುಂಬಿ. ಡಬ್ಬದ ಕೆಳಗೆ ಕಡಪ ಕಲ್ಲು ಹಾಸಿದರೆ ಸಂಜೆ ಗುಡಿಸುವುದು ಸುಲಭ. ಅಡುಗೆಮನೆಯ ತರಕಾರಿ ಸಿಪ್ಪೆ, ಮಿಕ್ಕ ಅನ್ನವನ್ನು ಮಧ್ಯಾಹ್ನವೇ ಕೊಡಿ, ಕಾಲು ಗಂಟೆಯಲ್ಲಿ ಮುಗಿಯುವಷ್ಟೇ ಕೊಡಿ.

ಮಳೆಗಾಲದಲ್ಲಿ ತಗಡಿನ ಒಳಗೆ ತೇವ ಕೂರುತ್ತದೆ. ಮುಸುಕಿನ ಜೋಳ, ಕಡಲೆಕಾಯಿ ಹಿಂಡಿ ಬೆರೆತ ಫೀಡಿಗೆ ಬೂಷ್ಟು ಹಿಡಿದರೆ ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟಬಹುದು, ಅದು ಕೋಳಿಯ ಈಲಿಯನ್ನು ಹಾಳು ಮಾಡುತ್ತದೆ. ಡಬ್ಬ ಮಾಡಿನ ಅಡಿ ನೆರಳಿನಲ್ಲಿರಲಿ, ಮೂರ್ನಾಲ್ಕು ದಿನಕ್ಕಾಗುವಷ್ಟೇ ತುಂಬಿ. ಉಳಿದ ಫೀಡನ್ನು ಗೋಣಿಚೀಲದಲ್ಲಿ ಬಿಡಬೇಡಿ. ಮುಚ್ಚಳ ಬಿಗಿಯಾದ ಕಬ್ಬಿಣದ ಡ್ರಮ್ಮು ಅಥವಾ 15 ಕಿಲೋ ಎಣ್ಣೆ ಡಬ್ಬಗಳಿಗೆ ಹಾಕಿಡಿ.

ಗೂಡಿಗೆ ಹಾಕುವ ಆರು ಮೂಲೆಯ ಕೋಳಿ ಜಾಲರಿ ಕೋಳಿಯನ್ನು ಒಳಗಿಡುತ್ತದೆ, ಇಲಿಯನ್ನು ಹೊರಗಿಡುವುದಿಲ್ಲ. ಗೂಡಿನ ಸುತ್ತ, ಮೇಲಿನ ತನಕ ಕಾಲಿಂಚಿನ ವೆಲ್ಡ್ ಮೆಶ್ ಹಾಕಿ, ಅದನ್ನು ಒಂದಡಿ ಮಣ್ಣಿನೊಳಗಿಳಿಸಿ ತುದಿಯನ್ನು ಹೊರಮುಖವಾಗಿ ಮಡಚಿ. ಹೆಗ್ಗಣ ಗೋಡೆಯ ಬುಡದಲ್ಲಿ ಅಗೆಯುತ್ತ ಬಂದು ಆ ಮಡಿಕೆಗೆ ತಡೆದು ನಿಲ್ಲುತ್ತದೆ. ಊಟ ನಿಂತ ಮೊದಲ ವಾರಗಳಲ್ಲಿ ಇಲಿಗಳು ಮೊಟ್ಟೆಗೆ ಕೈ ಹಾಕುತ್ತವೆ. ಮೊಟ್ಟೆಗಳನ್ನು ಹಗಲಲ್ಲೇ ತೆಗೆದುಬಿಡಿ.

ಇಲಿ ಪಾಷಾಣ ಇಡುವ ಯೋಚನೆ ಮಾಡಬೇಡಿ. ಕೋಳಿ ಸಿಕ್ಕಿದ್ದನ್ನೆಲ್ಲ ಕುಕ್ಕುವ ಹಕ್ಕಿ. ವಿಷದ ಬಿಸ್ಕತ್ತನ್ನೂ ಕುಕ್ಕುತ್ತದೆ, ವಿಷ ತಿಂದು ಸತ್ತ ಚಿಟ್ಟಿಲಿಯನ್ನೂ ಎಳೆದಾಡುತ್ತದೆ. ಬೀದಿಯ ಬೆಕ್ಕು, ಇಲಿ ಹಿಡಿದು ನಮಗೆ ಉಪಕಾರ ಮಾಡುವ ಕಣಜ ಗೂಬೆ, ಹದ್ದು ಇವಕ್ಕೂ ಅದು ದಾಟುತ್ತದೆ. ಒಂದು ಹೆಣ್ಣಿಲಿ ಬಸುರಾದ ಮೂರು ವಾರಕ್ಕೆಲ್ಲ ಆರೆಂಟು ಮರಿ ಹಾಕುತ್ತದೆ. ಊಟ ತೆರೆದಿರುವ ತನಕ ಸತ್ತ ಇಲಿಯ ಜಾಗಕ್ಕೆ ಮತ್ತೊಂದು ಬರುತ್ತಲೇ ಇರುತ್ತದೆ.

ಯಾರಿಗೆ ಯಾವುದು

ದಿನವೂ ಸಂಜೆ ಮನೆಯಲ್ಲಿರುವವರಿಗೆ, ಐದಾರು ಕೋಳಿಯವರಿಗೆ ತಟ್ಟೆ ಅಥವಾ ತೂಗುವ ಫೀಡರ್ ಸಾಕು. ಸಂಜೆ ಒಳಗಿಡುವುದೊಂದೇ ಕೆಲಸ. ಇಂದಿರಾನಗರದ ತಾರಸಿಯಲ್ಲಿ ಎರಡು ಮೂರು ಕೋಳಿ ಸಾಕುವ ಮನೆಗೆ ಮುಚ್ಚಳವಿರುವ ಪೈಪ್ ಫೀಡರ್ ಜಾಗ ಉಳಿಸುತ್ತದೆ. ಕೆಲಸ ಮುಗಿಸಿ ತಡವಾಗಿ ಬರುವವರು, ಹತ್ತಕ್ಕೂ ಹೆಚ್ಚು ಕೋಳಿ ಇರುವವರು, ರಾಜಕಾಲುವೆಯ ಪಕ್ಕದವರು ಪೆಡಲ್ ಡಬ್ಬಕ್ಕೆ ದುಡ್ಡು ಹಾಕಿ. ಚಿಲಕ ಹಾಕಲು ಪಕ್ಕದ ಮನೆಯ ಮಗುವಿಗೆ ಹೇಳಿ, ವಾರಕ್ಕೆ ನಾಲ್ಕು ಮೊಟ್ಟೆ ಕೊಡಿ.

ಒತ್ತೊತ್ತಾಗಿ ಮನೆಗಳಿರುವ ಈ ಊರಿನಲ್ಲಿ ಕೋಳಿ ಸಾಕುವುದಕ್ಕೆ ನೆರೆಯವರ ಒಪ್ಪಿಗೆಯೇ ದೊಡ್ಡ ಪರವಾನಗಿ. ಹುಂಜದ ಕೂಗನ್ನು ಅವರು ಸಹಿಸಿಕೊಂಡಾರು, ತಮ್ಮ ಅಡುಗೆಮನೆಗೆ ಬಂದ ಹೆಗ್ಗಣವನ್ನು ಸಹಿಸುವುದಿಲ್ಲ, ಸಹಿಸಲೂ ಬಾರದು. ನನ್ನ ಹಿತ್ತಲ ಕಾಳಿನಿಂದ ಬೆಳೆದ ಇಲಿ ನನ್ನ ಕಾಂಪೌಂಡಿನೊಳಗೇ ಉಳಿಯುವುದಿಲ್ಲ. ಆದ್ದರಿಂದ ಕೋಳಿ ಕೊಳ್ಳುವ ಮೊದಲು ಫೀಡರ್ ಕೊಳ್ಳಿ, ಫೀಡರ್ ಕೊಳ್ಳುವ ಮೊದಲು ಸಂಜೆ ಅದಕ್ಕೆ ಚಿಲಕ ಹಾಕುವವರು ಯಾರೆಂದು ಮನೆಯಲ್ಲಿ ತೀರ್ಮಾನಿಸಿ.